ಎರಡರ ಗೆರೆ

"ಇನ್ನೊಂದ್ಸಲ ಹಿಡೀರಿ ತಾತ. ಇದೇ ಕೊನೇದು. ಇರೋ ಬಲಾನೆಲ್ಲ ಹಾಕಿ."

ಸಾಹೇಬರು ಉಪಕರಣವನ್ನು ಮತ್ತೆ ಬಲಗೈಗೆ ತೆಗೆದುಕೊಂಡರು. ಮುಷ್ಟಿಯೊಳಗೆ ಕೂರುವ ಒಂದು ಕಬ್ಬಿಣದ ಹಿಡಿ, ಅದರ ಮೇಲೆ ಗಡಿಯಾರದಂಥ ದುಂಡು ಮುಖ, ಮುಖದ ಸುತ್ತ ಸೊನ್ನೆಯಿಂದ ನೂರರವರೆಗೆ ಗೆರೆಗಳು, ಒಂದು ಕಪ್ಪು ಮುಳ್ಳು, ಒಂದು ಕೆಂಪು ಮುಳ್ಳು. ಹಿಡಿಯನ್ನು ಅದುಮಿದರೆ ಕಪ್ಪು ಮುಳ್ಳು ಕೆಂಪನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆ. ಕೈ ಸಡಿಲಿಸಿದರೆ ಕಪ್ಪು ವಾಪಸು ಬರುತ್ತದೆ, ಕೆಂಪು ಹೋದಲ್ಲೇ ನಿಂತು ಎಷ್ಟು ಕಿಲೋ ಎಂದು ಹೇಳುತ್ತದೆ. ಮೊದಲ ಎರಡು ಸಲ ಅದು ಇಪ್ಪತ್ತಾರು, ಇಪ್ಪತ್ತೇಳು ಎಂದಿತ್ತು. ಬೇಕಾಗಿದ್ದುದು ಇಪ್ಪತ್ತೆಂಟು.

ಅವರು ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು ಅದುಮಿದರು. ಮುಂಗೈಯ ನರಗಳು ಹಗ್ಗದಂತೆ ಎದ್ದವು, ಕತ್ತು ನಡುಗಿತು. ಬಾಗಿಲಿಗೆ ಒರಗಿ ನಿಂತಿದ್ದ ಮಗಳು ನೋಟವನ್ನು ನೆಲಕ್ಕೆ ಇಳಿಸಿದಳು.

"ಇಪ್ಪತ್ತೆಂಟು," ಎಂದಳು ನರ್ಸು. "ಸರಿಯಾಗಿ ಗೆರೆ ಮೇಲೆ. ಪಾಸು ತಾತ ನೀವು."

ವಾರ್ಡಿನ ಆರೋಗ್ಯ ಕೇಂದ್ರದಿಂದ ಆರು ತಿಂಗಳಿಗೊಮ್ಮೆ ನಡೆಯುವ ಪರೀಕ್ಷೆ ಅದು. ಎಪ್ಪತ್ತು ದಾಟಿದವರಿಗೆ ಐದು ಅಂಶಗಳನ್ನು ನೋಡುತ್ತಾರೆ: ತೂಕ ಇಳಿದಿದೆಯೇ, ನಡಿಗೆ ನಿಧಾನವಾಗಿದೆಯೇ, ಸುಸ್ತು ಕಾಡುತ್ತದೆಯೇ, ಓಡಾಟವಿದೆಯೇ, ಕೈಯ ಹಿಡಿತ ಎಷ್ಟು. ಐದರಲ್ಲಿ ಮೂರು ಕೈಕೊಟ್ಟರೆ ಹಾಳೆಯ ಮೇಲೆ 'ದುರ್ಬಲ' ಎಂದು ಬರೆಯುತ್ತಾರೆ. ಸಾಹೇಬರ ತೂಕ ಒಂದು ವರ್ಷದಲ್ಲಿ ಐವತ್ತೆಂಟರಿಂದ ಐವತ್ತೈದಕ್ಕೆ ಇಳಿದಿತ್ತು. ಅದು ಒಂದು. ನರ್ಸು ನೆಲದ ಮೇಲೆ ಪಟ್ಟಿ ಅಂಟಿಸಿ ನಡೆಸಿದಾಗ ನಾಲ್ಕು ಮೀಟರು ಕ್ರಮಿಸಲು ಆರು ಸೆಕೆಂಡು ಹಿಡಿಯಿತು, ಐದರೊಳಗೆ ಆಗಬೇಕಿತ್ತು. ಅದು ಎರಡು. ಮೂರನೆಯದು ಈಗ ಗೆರೆಯ ಮೇಲೆ ನಿಂತು ಉಳಿಸಿತ್ತು.

ಉಳಿಸಿತ್ತು ಎಂದರೆ, ಮಹಡಿಯ ಮೇಲಿನ ಕೋಣೆಯನ್ನೂ ಸಾಯಂಕಾಲ ನಾಲ್ಕು ಗಂಟೆಯನ್ನೂ ಉಳಿಸಿತ್ತು. ತಿಂಗಳ ಹಿಂದೆ ಅವರು ಮೆಟ್ಟಿಲಿನಿಂದ ಜಾರಿದ್ದರು. ದೊಡ್ಡದೇನಲ್ಲ, ಕೆಳಗಿನಿಂದ ಮೂರನೇ ಮೆಟ್ಟಿಲು, ಮೊಣಕೈ ತರಚಿತು, ಅಷ್ಟೆ. ಆದರೆ ಅಂದಿನಿಂದ ಮಗಳದು ಒಂದೇ ಹಟ: ಮಂಚ ಕೆಳಗೆ ಬರಬೇಕು, ಒಬ್ಬರೇ ಹೊರಗೆ ಹೋಗಕೂಡದು. ಅಳಿಯ ದೂರದ ಊರುಗಳಿಗೆ ಲಾರಿ ಓಡಿಸುವವನು, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ವಿಮೆ ಕಚೇರಿಯ ಗುಮಾಸ್ತೆ, ಬರುವುದು ಐದೂವರೆಗೆ. ಒಬ್ಬರೇ ಹೋಗಬಾರದು ಎಂದರೆ ಹೋಗಲೇಬಾರದು ಎಂದೇ ಅರ್ಥ. ಹದಿನೈದು ದಿನ ವಾದ ನಡೆದ ಮೇಲೆ ಸಾಹೇಬರೇ ಒಂದು ತೀರ್ಮಾನ ಹೇಳಿದ್ದರು. ನೀನು ಹೇಳೋದೂ ಬೇಡ, ನಾನು ಹೇಳೋದೂ ಬೇಡ. ಮುಂದಿನ ತಿಂಗಳು ನರ್ಸು ಬರ್ತಾಳೆ, ಅಳೆದು ನೋಡಲಿ. ದುರ್ಬಲ ಅಂತ ಬಂದರೆ ನೀನು ಹೇಳಿದ ಹಾಗೆ, ಬರದಿದ್ದರೆ ನಾನು ಹೇಳಿದ ಹಾಗೆ. ಮಗಳು ಒಪ್ಪಿದ್ದಳು. ಅಳತೆಯ ಮಾತಿಗೆ ಅವರು ಎದುರು ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಅವರು ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತಿಯಾಗಿ ಇಪ್ಪತ್ತು ವರ್ಷವಾಗಿದ್ದರೂ ಬೀದಿಯಲ್ಲಿ ಅವರಿಗೆ 'ತಕ್ಕಡಿ ಸಾಹೇಬರು' ಎಂಬ ಹೆಸರು ಅಳಿದಿರಲಿಲ್ಲ. ತಕ್ಕಡಿ ಪರೀಕ್ಷಿಸುವಾಗ ಮುಳ್ಳು ನಿಂತ ಗೆರೆಯನ್ನು ಗಟ್ಟಿಯಾಗಿ ಓದುವುದು ಅವರ ಪದ್ಧತಿ; ಪಕ್ಕದಲ್ಲಿ ನಿಂತ ಸಹಾಯಕ ಬರೆದುಕೊಳ್ಳಬೇಕು, ಅಂಗಡಿಯವನೂ ಗಿರಾಕಿಗಳೂ ಕೇಳಿಸಿಕೊಳ್ಳಬೇಕು. ಒಮ್ಮೆ ಹೆಂಡತಿಯ ಸ್ವಂತ ತಮ್ಮನ ಅಂಗಡಿಯಲ್ಲಿ ಹಾಗೆ ಗಟ್ಟಿಯಾಗಿ ಓದಿ, ತಕ್ಕಡಿ ಜಪ್ತಿ ಮಾಡಿ ಮನೆಗೆ ಬಂದಿದ್ದರು. ಎರಡು ತಿಂಗಳು ಮನೆಯಲ್ಲಿ ಊಟದ ತಟ್ಟೆ ಮಾತ್ರ ಸದ್ದು ಮಾಡಿತ್ತು.

ನರ್ಸು ಉಪಕರಣವನ್ನು ಮೇಜಿನ ಮೇಲಿಟ್ಟು ಇನ್ನೊಂದು ಹಾಳೆ ತೆಗೆದಳು. ಇದು ಮನಸ್ಸಿನ ಬಗ್ಗೆ, ಹೌದು ಅಥವಾ ಇಲ್ಲ ಅಂದರೆ ಸಾಕು ಎಂದಳು. ನಿದ್ದೆ ಬರುತ್ತದೆಯೇ, ಹಳೆಯ ಸ್ನೇಹಿತರಿದ್ದಾರೆಯೇ ಎಂದೆಲ್ಲ ಕೇಳಿದ ಮೇಲೆ, "ಜೀವನ ಖಾಲಿ ಖಾಲಿ ಅನ್ನಿಸುತ್ತಾ ತಾತ?" ಎಂದಳು.

"ಯಾವ ಹೊತ್ತಿನಲ್ಲಿ?"

"ಹೊತ್ತು ಗಿತ್ತು ಇಲ್ಲ ಇದರಲ್ಲಿ. ಹೌದಾ, ಇಲ್ವಾ?"

"ನಾಲ್ಕರಿಂದ ಐದರವರೆಗೆ ಇಲ್ಲ," ಎಂದರು ಸಾಹೇಬರು.

ನರ್ಸು ಮಗಳ ಮುಖ ನೋಡಿ ನಕ್ಕು, 'ಇಲ್ಲ' ಎಂಬಲ್ಲಿ ಗುರುತು ಹಾಕಿದಳು. ಆಮೇಲೆ ಚೀಲ ಜೋಡಿಸಿಕೊಳ್ಳುತ್ತ ತನ್ನ ಕಷ್ಟ ಹೇಳಿಕೊಂಡಳು. ದಿನಕ್ಕೆ ಆರು ಮನೆಯಂತೆ, ಅರ್ಧಕ್ಕರ್ಧ ಮನೆಗಳು ಮೂರನೇ ಮಹಡಿಯಂತೆ, ನಿನ್ನೆ ಸ್ಕೂಟರಿನಿಂದ ಈ ಹಿಡಿಯಂತ್ರ ಜಾರಿ ರಸ್ತೆಗೆ ಬಿತ್ತಂತೆ, ಪುಣ್ಯಕ್ಕೆ ಗಾಜು ಒಡೆಯಲಿಲ್ಲವಂತೆ.

ಸಾಹೇಬರ ನೋಟ ಮೇಜಿನ ಮೇಲಿದ್ದ ಉಪಕರಣಕ್ಕೆ ಹೋಯಿತು. ಯಾರ ಕೈಯೂ ಅದರ ಮೇಲಿರಲಿಲ್ಲ. ಕೆಂಪು ಮುಳ್ಳು ಇಪ್ಪತ್ತೆಂಟರಲ್ಲಿತ್ತು. ಸೊನ್ನೆಗೆ ಬಂದು ನಿಲ್ಲಬೇಕಾಗಿದ್ದ ಕಪ್ಪು ಮುಳ್ಳು ಎರಡರ ಗೆರೆಯ ಮೇಲೆ ನಿಂತಿತ್ತು.

ಅವರು ಬಾಯಿ ತೆರೆದರು. ಅಷ್ಟರಲ್ಲಿ ಮಗಳು, "ಆಯ್ತಪ್ಪ, ಮಾತು ಅಂದ್ರೆ ಮಾತು. ಇನ್ನು ನಾನು ಮಂಚದ ವಿಷಯ ಎತ್ತಲ್ಲ," ಎಂದಳು. ನರ್ಸು ಉಪಕರಣವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಸಾಹೇಬರು ಬಾಯಿ ಮುಚ್ಚಿಕೊಂಡರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವರು ಇಸ್ತ್ರಿಯ ಅಂಗಿ ತೊಟ್ಟು, ಹದಿನೇಳು ಮೆಟ್ಟಿಲು ಇಳಿದು ಹೊರಟರು. ಹೋಗುವುದು ಸಾಹುಕಾರರ ಮನೆಗೆ. ಎರಡು ಬೀದಿ ದಾಟಿ, ಮುಖ್ಯರಸ್ತೆ ಕ್ರಾಸ್ ಮಾಡಿದರೆ ಎಡಗಡೆಯ ಮೊದಲ ಮನೆ. ಸಾಹುಕಾರರು ಎಂದರೆ ಹಿಂದೆ ದಿನಸಿ ಅಂಗಡಿ ಇಟ್ಟಿದ್ದವರು. ಇಪ್ಪತ್ತೆರಡು ವರ್ಷದ ಹಿಂದೆ ಅವರ ತಕ್ಕಡಿಯ ತಟ್ಟೆಯ ಕೆಳಗೆ ಸಾಹೇಬರು ಏಳು ಗ್ರಾಂ ಮೇಣ ಪತ್ತೆಹಚ್ಚಿದ್ದರು. ಅದು ದೀಪದಿಂದ ಸೋರಿದ್ದು ಎಂದು ಸಾಹುಕಾರರು ಆಗಲೂ ಹೇಳಿದ್ದರು, ಈಗಲೂ ಹೇಳುತ್ತಾರೆ. ಸಾಹೇಬರು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ನಿವೃತ್ತಿಯ ನಂತರ ಉದ್ಯಾನದ ಬೆಂಚಿನ ಮೇಲೆ ಆ ಜಗಳ ಮತ್ತೆ ಶುರುವಾಗಿ, ನಿಲ್ಲದೆ ಸ್ನೇಹವಾಗಿತ್ತು. ಎರಡು ವರ್ಷದ ಹಿಂದೆ ಸಾಹುಕಾರರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮಾತು ನಿಧಾನವಾಯಿತು. ಐದು ಗಂಟೆಯ ಮಾತ್ರೆ ನುಂಗಿದರೆ ಕಣ್ಣು ಎಳೆಯುತ್ತದೆ. ಅವರು ಪೂರ್ತಿ ಅವರಾಗಿರುವುದು ನಾಲ್ಕರಿಂದ ಐದರವರೆಗೆ.

ಆ ಒಂದು ಗಂಟೆಗೆ ಇಬ್ಬರೂ ಒಂದು ಆಟ ಕಂಡುಕೊಂಡಿದ್ದರು. ಸಾಹೇಬರು ದಿನಕ್ಕೊಂದು ವಸ್ತು ತೆಗೆದುಕೊಂಡು ಹೋಗುತ್ತಾರೆ. ಸಾಹುಕಾರರು ಅದನ್ನು ಸರಿಯಿರುವ ಎಡಗೈಯಲ್ಲಿ ಹಿಡಿದು ಎರಡು ಸಲ ಮೆಲ್ಲಗೆ ಎತ್ತಿ ತೂಕ ಹೇಳುತ್ತಾರೆ. ಆಮೇಲೆ ಮಂಚದ ಪಕ್ಕದ ಮೇಜಿನ ಮೇಲಿರುವ ತಕ್ಕಡಿಯಲ್ಲಿಟ್ಟು ಸಾಹೇಬರು ಗಟ್ಟಿಯಾಗಿ ಓದುತ್ತಾರೆ. ತಕ್ಕಡಿ ಅದೇ, ಜಪ್ತಿಯಾಗಿ ಮುದ್ರೆ ಬಿದ್ದು ವಾಪಸು ಬಂದದ್ದು. ಬೀಗ, ಕನ್ನಡಕದ ಪೆಟ್ಟಿಗೆ, ಸಾಬೂನು, ಮಗಳ ಎರಡಂತಸ್ತಿನ ಊಟದ ಡಬ್ಬಿ, ಹೀಗೆ ಮನೆಯಲ್ಲಿದ್ದುದೆಲ್ಲ ಒಂದೊಂದು ಸಲ ಆ ತಟ್ಟೆಗೆ ಏರಿ ಬಂದಿತ್ತು. ಖಾಲಿ ಡಬ್ಬಿಯನ್ನು ಸಾಹುಕಾರರು ನಾನೂರ ಹತ್ತು ಎಂದಿದ್ದರು. ಇದ್ದದ್ದು ನಾನೂರ ಐದು. ಅಂದು ಇಡೀ ವಾರಕ್ಕಾಗುವಷ್ಟು ಜಂಬ ಪಟ್ಟಿದ್ದರು.

ಈ ದಿನ ಸಾಹೇಬರು ಏನನ್ನೂ ತಂದಿರಲಿಲ್ಲ. ಕುರ್ಚಿಯಲ್ಲಿ ಕೂತು, ಬೆಳಿಗ್ಗೆ ನಡೆದುದನ್ನೆಲ್ಲ ಹೇಳಿದರು. ಕಪ್ಪು ಮುಳ್ಳಿನ ವಿಷಯ ಬಂದಾಗ ದನಿ ತಗ್ಗಿಸಿದರು. ಸಾಹುಕಾರರು ಕೇಳುತ್ತ ಕೇಳುತ್ತ ಅರ್ಧ ಬಾಯಿಯಲ್ಲಿ ನಗಲು ಶುರುಮಾಡಿದರು. ಹೊಟ್ಟೆ ಕುಲುಕಿ, ಹೊದಿಕೆ ಜಾರಿತು.

"ಏಳು ಗ್ರಾಮಿಗೆ ನನ್ನ ತಕ್ಕಡಿ ಹೊತ್ಕೊಂಡು ಹೋದ್ರಿ," ಎಂದರು, ಒಂದೊಂದೇ ಪದವನ್ನು ಎತ್ತಿಡುವಂತೆ. "ಈಗ ಎರಡು ಕಿಲೋ. ಮೇಣ ಯಾರ ತಟ್ಟೆ ಕೆಳಗಿದೆ ನೋಡಿ ಇನ್‌ಸ್ಪೆಕ್ಟ್ರೇ."

"ನಾನು ಅಂಟಿಸಿದ್ದಲ್ಲ."

"ನಾನೂ ಅಂಟಿಸಿರ್ಲಿಲ್ಲ."

ಕಿಟಕಿಯಾಚೆ ಮುಖ್ಯರಸ್ತೆಯ ಸಿಗ್ನಲ್ ಕೆಂಪಾಗಿ, ಹಸಿರಾಗಿ, ಮತ್ತೆ ಕೆಂಪಾಯಿತು. ಸಾಹುಕಾರರ ನಗು ಅಷ್ಟರಲ್ಲಿ ನಿಂತುಹೋಗಿತ್ತು. ಎಡಗೈ ಹೊದಿಕೆಯನ್ನು ಹುಡುಕಿ ಎಳೆದುಕೊಂಡಿತು.

"ಹೇಳ್ಬೇಡಿ," ಎಂದರು. "ಯಾರಿಗೂ ಹೇಳ್ಬೇಡಿ. ನಾಳೆ ಏನಾದ್ರೂ ತನ್ನಿ. ಭಾರದ್ದು ತನ್ನಿ."

ಸಾಹೇಬರು ಏಳು ದಿನ ಯಾರಿಗೂ ಹೇಳಲಿಲ್ಲ. ತಮ್ಮೊಳಗೇ ವಾದ ಹೂಡಿದರು, ಅದೂ ಅಂಕಿಸಂಖ್ಯೆ ಸಮೇತ. ಐದರಲ್ಲಿ 'ಓಡಾಟ' ಎಂಬುದು ಪಾಸಾಗಿರುವುದೇ ಈ ನಾಲ್ಕು ಗಂಟೆಯ ನಡಿಗೆಯಿಂದ. ಅದನ್ನು ನಿಲ್ಲಿಸಿದರೆ ಮುಂದಿನ ಸಲ ಅದೂ ಹೋಗುತ್ತದೆ, ಮೂರರ ಜಾಗದಲ್ಲಿ ನಾಲ್ಕಾಗುತ್ತದೆ. ಹಾಗಿರುವಾಗ ಯಾವ ಅಳತೆ ಸರಿ, ಯಾವುದು ತಪ್ಪು? ವಾದ ಚೆನ್ನಾಗಿಯೇ ಇತ್ತು. ಅಂಗಡಿಯವರು ಹೇಳುತ್ತಿದ್ದ ವಾದಗಳೂ ಚೆನ್ನಾಗಿಯೇ ಇರುತ್ತಿದ್ದವು ಎಂಬುದು ಮಾತ್ರ ಅವರಿಗೆ ನೆನಪಾಗುತ್ತಿತ್ತು.

ಇನ್ನೊಂದು ಯೋಚನೆಯೂ ಬೆನ್ನು ಹತ್ತಿತ್ತು. ಆ ಉಪಕರಣ ಡಬ್ಬಿಯೊಳಗೆ ಸುಮ್ಮನೆ ಕೂತಿಲ್ಲ. ದಿನಕ್ಕೆ ಆರು ಮನೆ. ಆರು ಮುಷ್ಟಿಗಳಿಗೆ ತಲಾ ಎರಡು ಕಿಲೋ ಸೇರಿಸಿಕೊಡುತ್ತ, ಅದು ಬೀದಿಯಿಂದ ಬೀದಿಗೆ ಹೋಗುತ್ತಿದೆ. ಯಾರೋ ಮುದುಕಿ ಸ್ನಾನದ ಮನೆಯಲ್ಲಿ ಒಬ್ಬಳೇ ಬಕೆಟ್ ಎತ್ತಬಹುದು ಎಂದು ಮನೆಯವರು ನಿಶ್ಚಿಂತರಾಗಿದ್ದಾರೆ. ಕೆಟ್ಟ ತಕ್ಕಡಿಯನ್ನು ಕಂಡೂ ಅಂಗಡಿಯಲ್ಲೇ ಬಿಟ್ಟುಬಂದ ಇನ್‌ಸ್ಪೆಕ್ಟರನನ್ನು ಇಲಾಖೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದು ಅವರಿಗೆ ಗೊತ್ತಿತ್ತು.

ಏಳನೆಯ ದಿನ ಅವರು ಸಾಹುಕಾರರ ಮನೆಯಿಂದ ವಾಪಸು ಹೊರಟಾಗ ಐದಾಗಿತ್ತು. ಸಿಗ್ನಲ್ ಹಸಿರಾಗುವುದನ್ನು ಕಾದು ರಸ್ತೆಗಿಳಿದರು. ಮುಖ್ಯರಸ್ತೆಯ ಅಗಲ ಹದಿನಾಲ್ಕು ಮೀಟರು. ಹೆಜ್ಜೆ ಎಣಿಸಿ ಅವರು ಅದನ್ನು ಎಂದೋ ಅಳೆದಿದ್ದರು. ದಾಟುವವರಿಗೆ ಕೊಡುವ ಸಮಯ ಇಪ್ಪತ್ತು ಸೆಕೆಂಡು. ಎರಡು ವರ್ಷದ ಹಿಂದೆ ಹದಿನೈದರಲ್ಲಿ ಆಚೆ ಬದಿ ಸೇರಿ, ಉಳಿದ ಐದನ್ನು ಕಂಬದ ಮೇಲಿನ ಅಂಕಿ ಇಳಿಯುವುದನ್ನು ನೋಡುತ್ತ ಕಳೆಯುತ್ತಿದ್ದರು. ಈಗ ಅಂಕಿ ಒಂದಕ್ಕೆ ಬಂದಾಗ ಇನ್ನೂ ಎರಡು ಹೆಜ್ಜೆ ಉಳಿದಿತ್ತು. ಅಂಕಿ ಅಳಿಸಿಹೋಯಿತು. ಬಸ್ಸೊಂದು ಹಾರ್ನ್ ಒತ್ತಿಕೊಂಡೇ ಬಂದು ಬೆನ್ನ ಹಿಂದೆ ಬ್ರೇಕ್ ಹಾಕಿತು. ಬಿಸಿಗಾಳಿ ಅಂಗಿಯೊಳಗೆ ನುಗ್ಗಿತು. ಬೈಕಿನವನೊಬ್ಬ, "ಮನೇಲಿ ಹೇಳೋರು ಕೇಳೋರು ಯಾರೂ ಇಲ್ವೇನ್ರೀ ಯಜಮಾನ್ರೇ," ಎಂದು ಕೇಳಿ ಹೋದ.

ಸಾಹೇಬರು ಪಾದಚಾರಿ ಕಟ್ಟೆಯ ಕಬ್ಬಿಣದ ಸರಳು ಹಿಡಿದು ನಿಂತರು. ನಾಲ್ಕು ಮೀಟರಿಗೆ ಆರು ಸೆಕೆಂಡಾದರೆ ಹದಿನಾಲ್ಕಕ್ಕೆ ಎಷ್ಟು ಎಂದು ಅಲ್ಲೇ ಗುಣಿಸಿದರು. ಇಪ್ಪತ್ತೊಂದು. ಲೆಕ್ಕ ಕಷ್ಟದ್ದಾಗಿರಲಿಲ್ಲ, ಏಳು ದಿನದಿಂದ ಅದನ್ನು ಮಾಡಿರಲಿಲ್ಲ, ಅಷ್ಟೆ. ಬಸ್ಸಿನ ಡ್ರೈವರ್ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಒಂದು ಕ್ಷಣ ಹಾಗೇ ಕೂತಿದ್ದ. ಅವರ ಅಳಿಯನ ವಯಸ್ಸಿನವನು.

ಮನೆ ಸೇರಿ, ಪರೀಕ್ಷೆಯ ಚೀಟಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ನರ್ಸಿಗೆ ಮೊದಲು ಯಾರೆಂದು ತಿಳಿಯಲಿಲ್ಲ. ತಿಳಿದ ಮೇಲೆ ಅರ್ಥವಾಗಲಿಲ್ಲ.

"ಎರಡು ಕಿಲೋ ತಾನೇ ತಾತ. ಅದೇನು ಮಹಾ? ನಿಮ್ಮದು ಪಾಸಾಗಿದೆಯಲ್ಲ, ಆರಾಮಾಗಿರಿ."

ಮೂವತ್ತನಾಲ್ಕು ವರ್ಷ ಅಂಗಡಿ ಅಂಗಡಿಯಲ್ಲೂ ಕೇಳಿದ್ದ ಮಾತು. ಅದಕ್ಕೆ ಕೊಡುತ್ತಿದ್ದ ಉತ್ತರವೂ ತುದಿನಾಲಗೆಯಲ್ಲೇ ಇತ್ತು.

"ಎಷ್ಟು ಅನ್ನೋದು ಆಮೇಲೆ ಕಣಮ್ಮ. ತಪ್ಪಿದೆಯೋ ಇಲ್ವೋ, ಅದು ಮೊದಲು. ಶನಿವಾರ ಬಾ. ಮಗಳು ಮನೇಲಿರ್ತಾಳೆ."

ಶನಿವಾರ ಅಡುಗೆಮನೆಯಲ್ಲಿ ತಪಾಸಣೆ ನಡೆಯಿತು. ಸಾಹೇಬರು ಕಿಟಕಿಯ ಸರಳಿಗೆ ಉಪಕರಣವನ್ನು ಹಗ್ಗದಿಂದ ಕಟ್ಟಿಸಿದರು. ಅದರ ಹಿಡಿಗೆ ನೀರಿನ ಕ್ಯಾನು ತೂಗುಹಾಕಿಸಿದರು. ಕ್ಯಾನು ಅರ್ಧ ಕಿಲೋ, ಒಳಗೆ ಅಳೆದು ಸುರಿದ ಹತ್ತು ಲೀಟರ್ ನೀರು. ನೀರಿನಷ್ಟು ನಂಬಿಕಸ್ಥ ತೂಕ ಬೇರೆ ಇಲ್ಲ ಎಂದು ನರ್ಸಿಗೆ ವಿವರಿಸಿದರು. ಮಗಳು ತೋಳು ಮಡಿಸಿ ಕ್ಯಾನು ಎತ್ತಿಕೊಟ್ಟಳು. ಇದೆಲ್ಲ ಏನೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಯಂತ್ರ ಕಡಿಮೆ ತೋರಿಸುತ್ತಿದೆ, ತಮಗೆ ಇನ್ನೂ ಹೆಚ್ಚು ಬಲವಿದೆ ಎಂದು ಸಾಧಿಸಲು ಅಪ್ಪ ಹೊರಟಿದ್ದಾರೆ ಎಂದುಕೊಂಡಿದ್ದಳು. ತುಟಿಯಂಚಿನಲ್ಲಿ ಸಣ್ಣ ನಗುವಿತ್ತು.

ಸಾಹೇಬರು ಕನ್ನಡಕ ಹಾಕಿಕೊಂಡು, ಮುಖವನ್ನು ಮುಳ್ಳಿನ ನೇರಕ್ಕೆ ತಂದು ನೋಡಿದರು.

"ಇರೋದು ಹತ್ತೂವರೆ. ತೋರಿಸ್ತಿರೋದು ಹನ್ನೆರಡೂವರೆ," ಎಂದು ಗಟ್ಟಿಯಾಗಿ ಓದಿದರು. "ಎರಡು ಹೆಚ್ಚು. ಬರ್ಕೋ."

ಮಗಳ ನಗು ಮುಖದಲ್ಲಿ ದಾರಿ ತಪ್ಪಿದವರಂತೆ ನಿಂತಿತು.

ನರ್ಸು ಉಪಕರಣದ ಹಿಂಬದಿಯ ಪುಟ್ಟ ತಿರುಪನ್ನು ತಿರುಗಿಸಿ, ಸಾಹೇಬರು ಹೇಳಿದಲ್ಲಿ ನಿಲ್ಲಿಸಿದಳು. ಕಪ್ಪು ಮುಳ್ಳು ಸೊನ್ನೆಗೆ ಬಂತು. ಅವರು ಕುರ್ಚಿಯಲ್ಲಿ ಕೂತು ಮೂರು ಸಲ ಅದುಮಿದರು. ನರ್ಸು ಓದುವ ಮೊದಲೇ ತಾವೇ ಓದಿದರು: ಇಪ್ಪತ್ತಾರು, ಇಪ್ಪತ್ತೈದು, ಇಪ್ಪತ್ತೈದು. ನರ್ಸು ಹಳೆಯ ಹಾಳೆಯಲ್ಲಿ ಒಂದು ಅಂಕಿ ಹೊಡೆದುಹಾಕಿ ಇನ್ನೊಂದು ಬರೆದಳು. ಕೆಳಗೆ ಒಂದು ಪದವನ್ನೂ ಬದಲಿಸಿದಳು. ಆಮೇಲೆ, ಬಿದ್ದಂದಿನಿಂದ ಎಷ್ಟು ಮನೆ ಆಗಿದೆ ಎಂದು ತನ್ನಷ್ಟಕ್ಕೆ ಎಣಿಸತೊಡಗಿ, ನಲವತ್ತರ ಹತ್ತಿರ ಬಂದಾಗ ಹಣೆ ಹಿಡಿದುಕೊಂಡಳು. ಮೂರನೇ ಮಹಡಿಗಳನ್ನೆಲ್ಲ ಮತ್ತೆ ಹತ್ತಬೇಕು. ಹೋಗುವಾಗ ಸಾಹೇಬರ ಕಡೆ ನೋಡಿದ ನೋಟದಲ್ಲಿ ಹಳೆಯ ಅಂಗಡಿಯವರ ನೋಟವೇ ಇತ್ತು.

"ನಿಮಗೆ ಅವತ್ತೇ ಗೊತ್ತಿತ್ತಾ?" ಎಂದು ಕೇಳಿದಳು ಮಗಳು, ಬಾಗಿಲು ಹಾಕಿ ಬಂದು.

"ಗೊತ್ತಿತ್ತು."

"ಮತ್ತೆ ಈಗ ಯಾಕೆ ಹೇಳಿದ್ರಿ? ನಾನೇನು ಯಂತ್ರ ಬಿಚ್ಚಿ ನೋಡ್ತಿದ್ನಾ?"

"ಮುಳ್ಳು ಎರಡರಲ್ಲಿತ್ತು," ಎಂದರು ಸಾಹೇಬರು.

ಬಸ್ಸಿನ ವಿಷಯ ಹೇಳಲಿಲ್ಲ. ಮಗಳು ನೀರಿನ ಕ್ಯಾನನ್ನು ತೊಟ್ಟಿಗೆ ಬಗ್ಗಿಸಿದಳು. ಗೆದ್ದವಳಂತೆ ಕಾಣಲಿಲ್ಲ. ಭಾನುವಾರ ಅಳಿಯ ಬಂದಿದ್ದ. ಗಂಡಹೆಂಡತಿ ಇಬ್ಬರೂ ಸೇರಿ ಮಂಚವನ್ನು ಕೆಳಗಿಳಿಸಿ ಅಡುಗೆಮನೆಯ ಪಕ್ಕದ ಕೋಣೆಗೆ ಹಾಕಿದರು. ಹಾಸಿಗೆ, ರೇಡಿಯೊ, ತೀರಿಹೋದ ಹೆಂಡತಿಯ ಫೋಟೊ, ಹಳೆಯ ಮುದ್ರೆಯ ಅಚ್ಚುಗಳಿದ್ದ ತಗಡಿನ ಪೆಟ್ಟಿಗೆ ಎಲ್ಲವೂ ಮೆಟ್ಟಿಲಿಳಿದವು. ಸಾಹೇಬರು ಕೆಳಗೆ ನಿಂತು, ಮಂಚದ ಕಾಲು ಗೋಡೆಗೆ ತಗಲುವ ಕಡೆಯಲ್ಲೆಲ್ಲ ಎಚ್ಚರಿಸಿದರು. ಸಾಹುಕಾರರಿಗೆ ಫೋನ್ ಮಾಡಿದರು. ಆ ಕಡೆ ಸಾಹುಕಾರರ ಹೆಂಡತಿ ಫೋನನ್ನು ಗಂಡನ ಕಿವಿಗೆ ಹಿಡಿದರು. ಶನಿವಾರ ನಡೆದದ್ದನ್ನು ಸಾಹೇಬರು ಹೇಳಿದರು.

"ಜಪ್ತಿ ಆಯ್ತಾ?" ಎಂದರು ಸಾಹುಕಾರರು.

"ಆಯ್ತು."

"ಹೂಂ," ಎಂದರು. ಫೋನು ಕಿವಿಯಿಂದ ಸರಿದ ಸದ್ದು ಬಂತು.

ಕೆಳಗಿನ ಕೋಣೆಯಲ್ಲಿ ಕೊರತೆಯೇನಿರಲಿಲ್ಲ. ಗಾಳಿ ಬರುತ್ತಿತ್ತು, ಬಚ್ಚಲು ಹತ್ತಿರವಿತ್ತು. ಸೋಮವಾರ ಮಗಳು ಕೆಲಸದಿಂದ ಬಂದಾಗ ಸಾಹೇಬರು ಇಸ್ತ್ರಿಯ ಅಂಗಿ ತೊಟ್ಟು ಮಂಚದ ತುದಿಯಲ್ಲಿ ಕೂತಿದ್ದರು. ಜೇಬು ಉಬ್ಬಿತ್ತು. ಏನದು ಎಂದು ಕೇಳಿದ್ದಕ್ಕೆ ನಿಂಬೆಹಣ್ಣು ಎಂದರು. ಮಂಗಳವಾರವೂ ಅದೇ ಅಂಗಿ, ಅದೇ ಉಬ್ಬಿದ ಜೇಬು. ಎಲ್ಲಿಗಾದರೂ ಹೋಗಿದ್ದಿರಾ ಎಂದು ಅವಳು ಕೇಳಿದಳು. ಒಪ್ಪಿದ ಮೇಲೆ ಹೋಗುವುದುಂಟೇ ಎಂದರು ಅವರು, ಸಿಟ್ಟಿಲ್ಲದೆ. ರಾತ್ರಿ ತಟ್ಟೆಯಲ್ಲಿ ಅರ್ಧಕ್ಕೆ ಅರ್ಧ ಉಳಿಯಿತು. ಬುಧವಾರ ಚಪ್ಪಲಿಯೂ ಮಂಚದ ಬಳಿ ಬಂದಿತ್ತು, ಎರಡೂ ಜೊತೆಯಾಗಿ, ಬಾಗಿಲ ಕಡೆಗೆ ಮುಖ ಮಾಡಿ. ಅವಳು ಅವನ್ನು ನೋಡಿದಳು. ಗುರುವಾರ ಬೆಳಿಗ್ಗೆ ಎಂದಿಗಿಂತ ಒಂದು ಗಂಟೆ ಮುಂಚೆ ಹೊರಟುಹೋದಳು.

ಶುಕ್ರವಾರವೂ ಮುಂಚೆಯೇ ಹೊರಟಳು. ಅಂದು ಮೂರು ಮುಕ್ಕಾಲಿಗೆ ಬೀಗ ತೆರೆದ ಸದ್ದಾಯಿತು. ಸಾಹೇಬರು ಗೋಡೆಯ ಗಡಿಯಾರ ನೋಡಿ, ಆಮೇಲೆ ಕೈಗಡಿಯಾರವನ್ನೂ ನೋಡಿದರು. ಮಗಳು ಹೆಗಲ ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತಿದ್ದಳು. ಬಿಸಿಲಿನಲ್ಲಿ ಬೇಗ ಬೇಗ ನಡೆದು ಬಂದ ಮುಖ.

"ಆಫೀಸಲ್ಲಿ ಮಾತಾಡಿದೀನಿ. ಬೆಳಿಗ್ಗೆ ಮುಂಚೆ ಹೋಗೋದು, ಸಾಯಂಕಾಲ ಮುಂಚೆ ಬರೋದು. ಏಳಿ, ಹೊತ್ತಾಗುತ್ತೆ."

"ಒಂದು ಗಂಟೆ ಮುಂಚೆ ಹೋದರೆ ನಾಲ್ಕೂವರೆಗೆ ಬರಬೇಕಲ್ಲ. ಇನ್ನು ಮುಕ್ಕಾಲು ಗಂಟೆ ಎಲ್ಲಿಂದ ಬಂತು?"

"ಅಪ್ಪ, ಲೆಕ್ಕ ಆಮೇಲೆ ಮಾಡಿ. ಚಪ್ಪಲಿ ಹಾಕ್ಕೊಳ್ಳಿ."

ಮುಖ್ಯರಸ್ತೆಯಲ್ಲಿ ಹಸಿರು ಬರುವವರೆಗೆ ಇಬ್ಬರೂ ಕಾದರು. ರಸ್ತೆಗಿಳಿಯುವಾಗ ಅವಳು ಕೈ ಚಾಚಿದಳು. ಅವರು ಅವಳ ಮಣಿಕಟ್ಟನ್ನು ಹಿಡಿದುಕೊಂಡರು. ಅವಳು ಅವರ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಗಿಡ್ಡ ಮಾಡಿಕೊಂಡು, ಬಸ್ಸುಗಳ ಕಡೆಗೆ ಇನ್ನೊಂದು ಅಂಗೈ ಎತ್ತಿ ನಡೆದಳು. ಅಂಕಿ ಮುಗಿದ ಮೇಲೂ ಬಸ್ಸುಗಳು ನಿಂತೇ ಇದ್ದವು. ಸಾಹೇಬರು ಎಣಿಸುತ್ತಲೇ ಇದ್ದರು. ಇಪ್ಪತ್ತೆರಡು.

ಸಾಹುಕಾರರು ಬಾಗಿಲಿನ ಕಡೆಗೇ ಮುಖ ಮಾಡಿ ಮಲಗಿದ್ದರು. ಗಡ್ಡ ಬೆಳೆದಿತ್ತು. ಸಾಹೇಬರನ್ನು ಕಂಡು ಎಡಗೈಯನ್ನು ಹೊದಿಕೆಯಿಂದ ಹೊರಗೆಳೆದು ಮುಂದೆ ಚಾಚಿದರು, ಅಂಗೈ ಮೇಲೆ ಮಾಡಿ. ಸಾಹೇಬರು ಜೇಬಿನಿಂದ ನಿಂಬೆಹಣ್ಣು ತೆಗೆದು ಅದರಲ್ಲಿಟ್ಟರು. ಮಗಳು ಗೋಡೆಬದಿಯ ಸ್ಟೂಲಿನ ಮೇಲೆ ಕೂತಳು. ಇಷ್ಟು ದಿನ ಕೇಳಿ ಮಾತ್ರ ಗೊತ್ತಿದ್ದ ಆಟವನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

ಸಾಹುಕಾರರು ಕಣ್ಣು ಮುಚ್ಚಿ ಎರಡು ಸಲ ಕೈ ಆಡಿಸಿದರು.

"ಮೂವತ್ತೆಂಟು," ಎಂದರು. ಹೆಬ್ಬೆರಳಿನಿಂದ ಸಿಪ್ಪೆಯನ್ನು ಸವರಿದರು. "ಗಾತ್ರ ನೋಡಿದ್ರೆ ನಲವತ್ತೈದು ಇರ್ಬೇಕು. ಎಷ್ಟು ದಿನದಿಂದ ಜೇಬಲ್ಲಿಟ್ಕೊಂಡು ಕೂತಿದ್ರಿ?"

"ಸೋಮವಾರದಿಂದ."

"ಒಣಗಿಸಿಬಿಟ್ರಲ್ರೀ. ಇದು ಹಳೇ ಮಾಲು, ಇದನ್ನ ತೂಗೋದು ನನಗೆ ಅವಮಾನ. ಬೇರೆ ಏನಾದ್ರೂ ಕೊಡಿ."

ಸಾಹೇಬರು ಜೇಬುಗಳನ್ನು ತಡವಿದರು. ಕರವಸ್ತ್ರ, ಬೀಗದಕೈ. ಬೀಗದಕೈ ಹೋದ ತಿಂಗಳೇ ಆಗಿಹೋಗಿತ್ತು. "ನಿನ್ನ ಹತ್ರ ಏನಾದ್ರೂ ಇದ್ಯೇನಮ್ಮ?" ಎಂದು ಮಗಳನ್ನು ಕೇಳಿದರು. ಅವಳು ಚೀಲದೊಳಗೆ ಕೈ ಹಾಕಿ, ಮೊದಲು ಸಿಕ್ಕಿದ್ದನ್ನು ತೆಗೆದುಕೊಟ್ಟಳು. ಎರಡಂತಸ್ತಿನ ಊಟದ ಡಬ್ಬಿ. ಕೊಟ್ಟ ಮೇಲೆ ಕೈಯನ್ನು ಅರ್ಧ ಮುಂದಕ್ಕೆ ಚಾಚಿದಳು, ವಾಪಸು ತೆಗೆದುಕೊಳ್ಳುವವಳಂತೆ. ಅಷ್ಟರಲ್ಲಿ ಡಬ್ಬಿ ಸಾಹುಕಾರರ ಅಂಗೈ ಸೇರಿತ್ತು.

"ಇದು ಆಗಿದೆಯಲ್ಲ. ನಾನೂರ ಐದು," ಎಂದರು ಸಾಹೇಬರು.

ಸಾಹುಕಾರರ ಕೈ ಭಾರಕ್ಕೆ ಕುಸಿದು ಹೊದಿಕೆಗೆ ತಾಗಿತು. ಅವರು ಅದನ್ನು ಮತ್ತೆ ಎತ್ತಿದರು. ಒಮ್ಮೆ ಆಡಿಸಿದರು, ಇನ್ನೊಮ್ಮೆ ಆಡಿಸಿದರು. ಕಣ್ಣು ತೆರೆದು, ಗೋಡೆ ಪಕ್ಕ ಕೂತಿದ್ದವಳನ್ನು ನೋಡಿದರು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಅಂಗಡಿಯಲ್ಲಿ ನಲವತ್ತು ವರ್ಷ ಕೂತವರು ಮುಖವನ್ನೂ ತೂಗುತ್ತಾರೆ.

"ಎಂಟುನೂರ ನಲವತ್ತು," ಎಂದರು ಮೆಲ್ಲಗೆ.

ಸಾಹೇಬರು ಡಬ್ಬಿಯನ್ನು ತಕ್ಕಡಿಯ ಎಡತಟ್ಟೆಯಲ್ಲಿಟ್ಟರು. ಬಲತಟ್ಟೆಗೆ ಐನೂರರ ಕಲ್ಲು ಹಾಕಿದರು. ಎಡತಟ್ಟೆ ಅಲುಗಲಿಲ್ಲ. ಇನ್ನೂರು ಹಾಕಿದರು. ನೂರು ಹಾಕಿದರು. ಆಮೇಲೆ ಸಣ್ಣವು, ಇಪ್ಪತ್ತು, ಇನ್ನೊಂದು ಇಪ್ಪತ್ತು. ತಟ್ಟೆಗಳು ಒಂದಕ್ಕೊಂದು ಬಗ್ಗಿ, ಎದ್ದು, ಮುಳ್ಳು ಎರಡು ಸಲ ಆಚೀಚೆ ತೂಗಿ ನಡುಗೆರೆಯ ಮೇಲೆ ಬಂದು ನಿಂತಿತು.

ಸಾಹುಕಾರರು ಕಾದರು. ಮಗಳೂ ಕಿಟಕಿಯ ಕಡೆಗೆ ಮುಖ ಮಾಡಿಯೇ ಕಾದಳು. ಸಾಹೇಬರು ಕನ್ನಡಕದೊಳಗಿಂದ ಮುಳ್ಳನ್ನು ನೋಡುತ್ತ ನಿಂತಿದ್ದರು. ಓದಿ ಹೇಳಲಿಲ್ಲ.

ಆಮೇಲೆ ಡಬ್ಬಿಯನ್ನು ತಟ್ಟೆಯಿಂದ ಎತ್ತಿ, ಕೊಂಡಿ ಬಿಚ್ಚಿ, ಮುಟ್ಟದೆ ಉಳಿದಿದ್ದ ಮಧ್ಯಾಹ್ನದ ಊಟವನ್ನು ಮಗಳ ಮಡಿಲಲ್ಲಿಟ್ಟರು. ಖಾಲಿ ತಟ್ಟೆ ಮೇಲಕ್ಕೆದ್ದಿತು. ಇನ್ನೊಂದು ತಟ್ಟೆಯಲ್ಲಿ ಕಲ್ಲುಗಳು ಹಾಗೆಯೇ ಇದ್ದವು, ಯಾರೂ ತೆಗೆಯಲಿಲ್ಲ.